ಅಡ್ಡಗೆರೆ ಬಿದ್ದ ಸಾಲುಗಳು

ಆಟದ ಸಾಮಾನು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಉಪ್ಪುನೀರಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಿನಿಂದ ಬಿದ್ದ ಪ್ಲಾಸ್ಟಿಕ್ ದಾಳಗಳಲ್ಲಿ ನೂರಕ್ಕೆ ಐದನ್ನು ಆರಿಸಿ, ಗಾಜಿನ ಲೋಟದ ಉಪ್ಪುನೀರಿನಲ್ಲಿ ತೇಲಿಬಿಟ್ಟು, ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡುವುದು ಅವಳ ಕೆಲಸ. ಒಳಗೆ ಗಾಳಿಗುಳ್ಳೆ ಸೇರಿಕೊಂಡ ದಾಳ ಎಷ್ಟು ತಿರುಗಿಸಿದರೂ ಅದೇ ಮುಖವನ್ನು ಮೇಲೆ ಮಾಡಿಕೊಂಡು ನಿಲ್ಲುತ್ತದೆ. ಅಂಥದ್ದೊಂದು ಸಿಕ್ಕಿತೆಂದರೆ ಆ ತಟ್ಟೆಯ ದಾಳಗಳೆಲ್ಲ ಮತ್ತೆ ಕರಗಲು ಹೋಗಬೇಕು, ಅಚ್ಚಿನ ಮನೆಯ ಮೇಸ್ತ್ರಿ ಮುಖ ಗಂಟು ಹಾಕಿಕೊಳ್ಳಬೇಕು. ಹನ್ನೊಂದು ವರ್ಷದಿಂದ ಇದೇ ನಡೆದು ಬಂದಿತ್ತು. ಉಪ್ಪಿಗೆ ಅವಳ ಬೆರಳ ತುದಿಗಳು ಬಿಳಿಚಿಕೊಂಡು ಸಿಪ್ಪೆ ಏಳುತ್ತಿದ್ದವು.

ಆ ಸೋಮವಾರ ಅವಳು ಕೆಲಸಕ್ಕೆ ಬಂದಾಗ ಮೈಯಲ್ಲಿ ಜೀವವೇ ಇರಲಿಲ್ಲ. ಶನಿವಾರ ಆಸ್ಪತ್ರೆಯಿಂದ ಫೋನು ಬಂದಿತ್ತು: ಈ ಸಲವೂ ಗರ್ಭ ನಿಂತಿಲ್ಲ. ಇದು ಐದನೆಯ ಸಲ. ಒಂದೊಂದು ಸಲಕ್ಕೂ ಹತ್ತು ಹನ್ನೆರಡು ದಿನ ಹೊಟ್ಟೆಗೆ ಸೂಜಿ, ಬೆಳಿಗ್ಗೆ ಎದ್ದು ರಕ್ತ ಕೊಡುವುದು, ಆಮೇಲೆ ಎರಡು ವಾರ ಉಸಿರು ಬಿಗಿಹಿಡಿದು ಕಾಯುವುದು, ಕೊನೆಗೆ ಅದೇ ಫೋನು. ಮೊದಲನೆಯ ಸಲ ಅತ್ತಿದ್ದಳು. ಎರಡನೆಯ ಸಲವೂ ಅತ್ತಿದ್ದಳು. ಈ ಸಲ ಫೋನು ಕೆಳಗಿಟ್ಟು, ನೆನೆಸಿಟ್ಟ ಬಟ್ಟೆ ಒಗೆಯಲು ಹೋಗಿದ್ದಳು.

ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆ ಆಸ್ಪತ್ರೆಗೆ ದಾರಿ ತೋರಿಸಿದವಳು ಅವಳ ನಾದಿನಿ, ಅಂದರೆ ಗಂಡನ ತಂಗಿ. ನಾದಿನಿಗೆ ಅಲ್ಲಿ ಮೊದಲನೆಯ ಸಲಕ್ಕೇ ಆಗಿತ್ತು. ಈಗ ಆ ಮಗು ಓಡಾಡುತ್ತಿತ್ತು. ಕಾಯುವ ಕೋಣೆಯ ಗೋಡೆಯ ತುಂಬ ಮಕ್ಕಳ ಫೋಟೋ, ಅವುಗಳ ಕೆಳಗೆ ನೀಲಿ ಅಕ್ಷರದ ಬೋರ್ಡು: "ನಮ್ಮಲ್ಲಿ ತಾಯಿಯಾದವರಿಗೆ ಬೇಕಾದದ್ದು ಸರಾಸರಿ ಎರಡಕ್ಕಿಂತ ಕಡಿಮೆ ಪ್ರಯತ್ನ." ಐದು ಸಲವೂ ಆ ಬೋರ್ಡಿನ ಎದುರಿನ ಕುರ್ಚಿಯಲ್ಲೇ ಅವಳು ಕೂತಿದ್ದಳು. ಎಲ್ಲರಿಗೂ ಎರಡರೊಳಗೆ ಆಗುವುದು ತನಗೆ ಐದಾದರೂ ಆಗಿಲ್ಲವೆಂದರೆ ತನ್ನ ಮೈಯಲ್ಲೇ ಏನೋ ಮೊಂಡುತನವಿದೆ ಎಂಬುದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು. "ಅತ್ತಿಗೆ, ನೀವು ತುಂಬ ಯೋಚನೆ ಮಾಡ್ತೀರಿ, ಅದಕ್ಕೇ ನಿಲ್ತಿಲ್ಲ" ಎಂದು ನಾದಿನಿ ಬೇರೆ ಹೇಳಿದ್ದಳು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ಅದು ಮನಸ್ಸಿನಿಂದ ಕದಲಿರಲಿಲ್ಲ.

ಅವಳು ಲೋಟಕ್ಕೆ ಉಪ್ಪು ಸುರಿದು ಕಲಕುತ್ತಿರುವಾಗ ಆಫೀಸಿನ ಕೋಣೆಯಲ್ಲಿ ಗಲಾಟೆ ಕೇಳಿಸಿತು. ಯಜಮಾನರು ಅವಳನ್ನು ಕೂಗಿದರು.

ಒಳಗೆ ಮೂವರಿದ್ದರು. ಯಜಮಾನರು ಮೇಜಿನ ಹಿಂದೆ ಹಣೆ ಹಿಡಿದುಕೊಂಡು ಕೂತಿದ್ದರು. ಮೇಸ್ತ್ರಿ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಜಮಾನರ ಚಿಕ್ಕಮ್ಮ. ಆಕೆ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಕಾರ್ಖಾನೆಯ ಮಹಡಿಯ ಮೇಲಿನ ಮನೆಯಲ್ಲೇ ವಾಸ, ಎಡಗಿವಿ ಕೇಳುವುದಿಲ್ಲ. ಯಜಮಾನರು ಕರೆಯುವುದನ್ನು ಕೇಳಿ ಕೇಳಿ ಕೆಲಸದವರೆಲ್ಲ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹೊಸ ದಾಳದ ಪೆಟ್ಟಿಗೆಯೊಳಗೆ ಹಾಕಲು ಒಗಟಿನ ಚೀಟಿಗಳನ್ನು ಬರೆದುಕೊಟ್ಟವರು ಅವರೇ. ಗಲಾಟೆಯೂ ಅಂಥದ್ದೊಂದು ಚೀಟಿಯ ಮೇಲೆಯೇ.

ಯಜಮಾನರು ಓದಿದರು: "ಆರು ಬೀಳುವವರೆಗೆ ಒಂದು ದಾಳವನ್ನು ಎಸೆಯುತ್ತಲೇ ಇರಬೇಕು. ಹಾಗೆ ಎಸೆದ ಒಂದು ಆಟದಲ್ಲಿ ಬಿದ್ದ ಗರವೆಲ್ಲ ಸಮಸಂಖ್ಯೆಯೇ, ಬೆಸ ಒಂದೂ ಬೀಳಲಿಲ್ಲ ಎಂದು ಗೊತ್ತಾಗಿದೆ. ಅಂಥ ಆಟಗಳಲ್ಲಿ ಆರು ಬೀಳಲು ಸರಾಸರಿ ಎಷ್ಟು ಎಸೆತ ಬೇಕಾಗಿರುತ್ತದೆ?"

"ಮೂರು" ಎಂದ ಮೇಸ್ತ್ರಿ. "ಬೆಸ ಬೀಳಲಿಲ್ಲ ಅಂದ್ಮೇಲೆ ಉಳಿದಿದ್ದು ಎರಡು, ನಾಲ್ಕು, ಆರು. ಮೂರು ಮುಖದಲ್ಲಿ ಒಂದು. ಹಾಗಾದ್ರೆ ಮೂರು ಸಲ. ಇದಕ್ಕೆ ಕಾಲೇಜಿಗೆ ಹೋಗ್ಬೇಕಾ?"

"ಒಂದೂವರೆ" ಎಂದರು ಚಿಕ್ಕಮ್ಮ.

"ನೋಡಮ್ಮ, ಬೆಳಿಗ್ಗೆಯಿಂದ ಇದೇ ಆಗಿದೆ" ಎಂದರು ಯಜಮಾನರು. "ನಾನೂ ಮೂರು ಅಂತೀನಿ, ಪ್ರೆಸ್ಸಿನವನೂ ಮೂರು ಅಂದ. ಚಿಕ್ಕಮ್ಮ ಬಗ್ಗಲ್ಲ. ಉತ್ತರ ತಪ್ಪು ಅಂತ ನಾಳೆ ಗಿರಾಕಿಗಳು ಬಯ್ಯೋದು ನನ್ನನ್ನ. ನೀನೊಂದು ಕೆಲಸ ಮಾಡು. ಒಂದು ಒಳ್ಳೇ ದಾಳ ತಗೊಂಡು ಕೂತು ಎಸಿ. ಇನ್ನೂರು ಆಟ ಆಗ್ಲಿ. ಎಲ್ಲ ಬರಿ. ಇಲ್ಲಿ ತಾಳ್ಮೆ ಇರೋದು ನಿನಗೊಬ್ಬಳಿಗೇ."

ತಾಳ್ಮೆ ಎಂಬ ಮಾತು ಕೇಳಿ ಅವಳಿಗೆ ನಗು ಬಂದಂತಾಯಿತು, ಆದರೆ ಮುಖದವರೆಗೆ ಬರಲಿಲ್ಲ. ಸರಿ ಎಂದು ತಲೆಯಾಡಿಸಿದಳು.

ಉಪ್ಪುನೀರಿನಲ್ಲಿ ಎರಡೆರಡು ಸಲ ಪರೀಕ್ಷಿಸಿ, ಎಲ್ಲೂ ವಾಲದ ಒಂದು ಬಿಳಿ ದಾಳ ಆರಿಸಿದಳು. ಚಹಾದ ಸ್ಟೀಲ್ ಲೋಟದಲ್ಲಿ ಹಾಕಿ ಕುಲುಕಿ, ಬಟ್ಟೆ ಹಾಸಿದ ತಟ್ಟೆಯ ಮೇಲೆ ಎಸೆಯತೊಡಗಿದಳು. ಒಂದು ಆಟಕ್ಕೆ ಒಂದು ಸಾಲು. ಆರು ಬಿದ್ದರೆ ಸಾಲು ಮುಗಿಯಿತು, ಕೆಳಗಿನ ಸಾಲಿಗೆ ಹೋಗಬೇಕು. ಮೂರು, ಒಂದು, ನಾಲ್ಕು, ಆರು. ಐದು, ಐದು, ಎರಡು, ಒಂದು, ಮೂರು, ಮೂರು, ಆರು. ಆರು. ಮೊದಲ ಎಸೆತಕ್ಕೇ ಆರು ಬಿದ್ದ ಸಾಲಿನಲ್ಲಿ ಒಂದೇ ಅಂಕೆ ಒಂಟಿಯಾಗಿ ಕೂತಿರುತ್ತಿತ್ತು. ಅಂಥ ಸಾಲು ಬಂದಾಗಲೆಲ್ಲ ಅವಳಿಗೆ ನಾದಿನಿಯ ನೆನಪು ಬಂದು, ಮರುಕ್ಷಣವೇ ತನ್ನ ಮೇಲೆ ತನಗೇ ಬೇಸರವಾಗುತ್ತಿತ್ತು.

ಕೆಲವು ಸಾಲುಗಳು ಮುಗಿಯುವ ಹೆಸರನ್ನೇ ಎತ್ತುತ್ತಿರಲಿಲ್ಲ. ಒಂದು ಸಾಲಿನಲ್ಲಿ ಹದಿನೆಂಟಾದರೂ ಆರು ಬೀಳಲಿಲ್ಲ. ಇನ್ನೊಂದು ಮೂವತ್ತೊಂದಕ್ಕೆ ಹೋಯಿತು. ಹಾಳೆಯ ಅಂಚು ಮುಗಿದು, ಕೆಳಗಿನ ಸಾಲಿಗೆ ಇಳಿದು, ಅದೂ ಮುಗಿಯುತ್ತ ಬಂದಾಗ ಆರು ಬಿತ್ತು. ಅವಳು ದಾಳವನ್ನು ಎತ್ತಿ ಮತ್ತೊಮ್ಮೆ ಉಪ್ಪುನೀರಿಗೆ ಹಾಕಿ ನೋಡಿದಳು. ದಾಳ ಸರಿಯಾಗಿಯೇ ಇತ್ತು. ಅದರ ತಪ್ಪೇನೂ ಇರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಚಿಕ್ಕಮ್ಮ ಮೆಟ್ಟಿಲಿಳಿದು ಬಂದು ಅವಳ ಬಲಗಡೆ ಸ್ಟೂಲ್ ಎಳೆದುಕೊಂಡು ಕೂತರು, ತಮ್ಮ ಬಲಗಿವಿಯನ್ನು ದೂರ ಮಾಡಿಕೊಂಡು. ಅದು ಗೊತ್ತಾಗಿ ಮತ್ತೆ ಎದ್ದು ಎಡಗಡೆಗೆ ಬಂದರು.

"ನೀನು ಎಸಿ, ನಾನು ಬರೀತೀನಿ. ನಿನ್ನ ಕೈ ನೋಡೋಕಾಗ್ತಿಲ್ಲ."

"ನಿಮಗ್ಯಾಕೆ ತೊಂದರೆ ಚಿಕ್ಕಮ್ಮ."

"ಮೇಲೆ ಕೂತು ನಾನೇನು ಗುಡ್ಡ ಕಡೀತೀನಾ? ಎಸಿ."

ಮೂರೂವರೆಗೆ ಇನ್ನೂರು ಆಟ ಮುಗಿದವು. ಒಟ್ಟು ಎಸೆತ ಸಾವಿರದ ಇನ್ನೂರು ದಾಟಿತ್ತು. ಅವಳ ಭುಜ ಕಲ್ಲಿನಂತಾಗಿತ್ತು, ತಲೆ ಚಿಟ್ಟು ಹಿಡಿದಿತ್ತು. ಚಿಕ್ಕಮ್ಮ ಕೆಂಪು ಪೆನ್ನು ಕೊಟ್ಟರು. "ಈಗ ಬೆಸ ಇರೋ ಸಾಲುಗಳನ್ನೆಲ್ಲ ಹೊಡೆದುಹಾಕು. ಒಂದು, ಮೂರು, ಐದು, ಯಾವುದಾದ್ರೂ ಒಂದೇ ಒಂದು ಇದ್ರೂ ಸಾಕು, ಆ ಸಾಲು ಹೋಯ್ತು."

ಅವಳು ಅಡ್ಡಗೆರೆ ಎಳೆಯುತ್ತ ಹೋದಳು. ಮೊದಮೊದಲು ಏನೂ ಅನ್ನಿಸಲಿಲ್ಲ. ಎರಡನೆಯ ಹಾಳೆಯ ಹೊತ್ತಿಗೆ ಕೈ ನಿಧಾನವಾಯಿತು. ಉದ್ದುದ್ದದ ಸಾಲುಗಳೆಲ್ಲ ಒಂದೂ ಬಿಡದೆ ಕೆಂಪಾಗುತ್ತಿದ್ದವು. ಉಳಿಯುತ್ತಿದ್ದದ್ದು ಆ ಒಂಟಿ ಆರುಗಳು, ಅಲ್ಲೊಂದು ಇಲ್ಲೊಂದು ಎರಡು-ಆರು, ನಾಲ್ಕು-ಆರು. ಕೊನೆಗೆ ಎಣಿಸಿದಾಗ ಇನ್ನೂರರಲ್ಲಿ ಉಳಿದದ್ದು ಐವತ್ತೊಂದು ಸಾಲು. ಮೂವತ್ತನಾಲ್ಕು ಒಂದೇ ಎಸೆತದವು. ಹನ್ನೆರಡು ಎರಡರವು. ನಾಲ್ಕು ಮೂರರವು. ಒಂದೇ ಒಂದು ಮಾತ್ರ ಐದಕ್ಕೆ ಹೋಗಿತ್ತು. ಎಸೆತಗಳೆಲ್ಲ ಸೇರಿ ಎಪ್ಪತ್ತೈದು.

"ಐವತ್ತೊಂದು ಆಟಕ್ಕೆ ಎಪ್ಪತ್ತೈದು" ಎಂದರು ಚಿಕ್ಕಮ್ಮ. "ಸರಾಸರಿ ಒಂದೂವರೆ, ಕೂದಲೆಳೆಯಷ್ಟು ಕಡಿಮೆ."

"ಹಾಗಾದ್ರೆ ಮೇಸ್ತ್ರಿ ಹೇಳಿದ ಮೂರು ಎಲ್ಲಿ ಹೋಯ್ತು?"

"ಮೂರೇ ಮುಖ ಇರೋ ದಾಳ ಆಗಿದ್ರೆ ಅವನು ಹೇಳಿದ್ದು ಸರಿ. ಅಂಥ ದಾಳ ಎಷ್ಟು ಹೊತ್ತಾದ್ರೂ ನಿನ್ನನ್ನ ಆಡೋಕೆ ಬಿಡುತ್ತೆ, ಆಟದಿಂದ ಎಬ್ಬಿಸಲ್ಲ. ಇದು ಆರು ಮುಖದ್ದು. ಒಂದೊಂದು ಸಲ ಎಸೆದಾಗ್ಲೂ ಅರ್ಧದಷ್ಟು ಜನ ಬೆಸ ಬಿದ್ದು ಎದ್ದು ಹೋಗ್ತಾರೆ. ಹತ್ತು ಸಲ ಎಸೆಯೋವರೆಗೆ ಬೆಸ ಬೀಳದೆ ಉಳಿಯೋನು ಯಾರು? ಬೇಗ ಆರು ಬಿದ್ದವನು ಉಳೀತಾನೆ. ತಡ ಆಗೋನು ತಡ ಆಗೋದರೊಳಗೇ ಎದ್ದಿರ್ತಾನೆ. ಆಮೇಲೆ ನಾವು ಬಂದು ಉಳಿದವರನ್ನ ಮಾತ್ರ ಕೇಳ್ತೀವಿ, ನಿಮಗೆಷ್ಟು ಸಲಕ್ಕೆ ಬಿತ್ತು ಅಂತ. ಅವರು ಒಂದು, ಎರಡು ಅಂತಾರೆ. ಇನ್ನೇನು ಹೇಳ್ತಾರೆ?"

ಅವಳು ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಐದು ಎಸೆತಕ್ಕೂ ಆರು ಬೀಳದ ಸಾಲುಗಳನ್ನು ಬೆರಳಿಟ್ಟು ಎಣಿಸತೊಡಗಿದಳು. ಎಪ್ಪತ್ತೊಂಬತ್ತು ಇದ್ದವು. ಇನ್ನೂರರಲ್ಲಿ ಎಪ್ಪತ್ತೊಂಬತ್ತು, ಅದೂ ಒಂದು ಚೂರೂ ಕೆಟ್ಟಿಲ್ಲದ ದಾಳದಿಂದ. ಆ ಎಪ್ಪತ್ತೊಂಬತ್ತರ ಮೇಲೂ ಕೆಂಪು ಗೆರೆಯಿತ್ತು.

"ಚಿಕ್ಕಮ್ಮ" ಎಂದಳು. ಆಮೇಲೆ ತಾನೂ ಅಂದುಕೊಂಡಿರದಂತೆ ಎಲ್ಲವನ್ನೂ ಹೇಳಿಬಿಟ್ಟಳು: ಆಸ್ಪತ್ರೆ, ಐದು ಸಲ, ಶನಿವಾರದ ಫೋನು, ಗೋಡೆಯ ಬೋರ್ಡು. ಕಾರ್ಖಾನೆಯಲ್ಲಿ ಯಾರಿಗೂ ಈವರೆಗೆ ಹೇಳಿರಲಿಲ್ಲ. ಹಲ್ಲುನೋವು ಎಂದೋ ಜ್ವರ ಎಂದೋ ರಜೆ ಹಾಕುತ್ತಿದ್ದಳು. ಚಿಕ್ಕಮ್ಮ ಬಲಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು.

"ಆ ಬೋರ್ಡಲ್ಲಿ ಬಿಟ್ಟುಹೋದವರ ಲೆಕ್ಕ ಇದೆಯಾ?"

"ಇಲ್ಲ. ತಾಯಿಯಾದವರದ್ದು ಅಂತಲೇ ಬರೆದಿದೆ."

"ಬಿಟ್ಟುಹೋದವರು ಎಷ್ಟು ಜನ ಅಂತ ಹೋಗಿ ಕೇಳು."

"ಕೇಳಿದ್ರೆ ನನಗೇನಾಗ್ಬೇಕು ಚಿಕ್ಕಮ್ಮ? ನನ್ನ ಮೈ ಸರಿ ಇದೆ ಅಂತಾಗುತ್ತಾ?"

ಚಿಕ್ಕಮ್ಮ ಕೆಂಪು ಪೆನ್ನಿಗೆ ಮುಚ್ಚಳ ಹಾಕಿಟ್ಟರು. "ಸುಳ್ಳು ಸಮಾಧಾನ ಹೇಳಲ್ಲ ನಾನು. ಮೈ ಅಂದ್ರೆ ದಾಳ ಅಲ್ಲ. ಎಲ್ಲರದ್ದೂ ಒಂದೇ ಥರ ಇರಲ್ಲ, ವಯಸ್ಸಾದ ಹಾಗೆ ಬದಲಾಗುತ್ತೆ. ನಿನ್ನದು ಹೇಗಿದೆಯೋ ನನಗೆ ಗೊತ್ತಿಲ್ಲ. ಆ ಬೋರ್ಡಿಗೂ ಗೊತ್ತಿಲ್ಲ. ಆ ಬೋರ್ಡು ನೋಡಿ ನೀನು ನಿನ್ನ ಮೇಲೆ ತೀರ್ಪು ಕೊಟ್ಕೊಂಡಿದ್ದೀಯಲ್ಲ, ಅದು ಮಾತ್ರ ತಪ್ಪು. ಅಷ್ಟು ಖಂಡಿತವಾಗಿ ಹೇಳಬಲ್ಲೆ."

ಸಂಜೆ ಮೇಸ್ತ್ರಿ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ನೊಂದು ಸಾವಿರ ಎಸೆದ್ರೆ ಮೂರು ಬಂದೇ ಬರುತ್ತೆ" ಎಂದು ಹೇಳಿ ಹೋದ. ಯಜಮಾನರು ಮಾತ್ರ ಕೆಂಪು ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಒಂದೂವರೆ ಅಂತಲೇ ಹಾಕಿ, ಆದ್ರೆ ಕೆಳಗೆ ನಾಲ್ಕು ಸಾಲು ಬಿಡಿಸಿ ಬರೀರಿ ಚಿಕ್ಕಮ್ಮ. ನನ್ನಂಥವನಿಗೂ ಅರ್ಥ ಆಗ್ಬೇಕು" ಎಂದರು.

ಮನೆಗೆ ಬಂದಾಗ ಗಂಡ ಆಗಲೇ ಬಂದಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಕೈಯ ಗ್ರೀಸನ್ನು ಸೋಪಿನಿಂದ ಉಜ್ಜುತ್ತ ನಲ್ಲಿಯ ಹತ್ತಿರ ನಿಂತಿದ್ದ. ಹದಿನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಇಡೀ ದಿನ ಲಿಫ್ಟಿನ ಬಾವಿಯೊಳಗೆ ಇದ್ದು ಬಂದಿದ್ದ. ಅವನ ಬೆನ್ನು ಭಾರ ಹೊತ್ತು ಹೊತ್ತು ಸೋತವರ ಬೆನ್ನಿನ ಹಾಗಿತ್ತು.

"ಆಸ್ಪತ್ರೆಯಿಂದ ಮತ್ತೆ ಫೋನ್ ಮಾಡಿದ್ರು" ಎಂದ. "ಆರನೇ ಸಲಕ್ಕೆ ಯಾವಾಗ ಬರ್ತೀರಿ ಅಂತ. ನಿನ್ನನ್ನ ಕೇಳಿ ಹೇಳ್ತೀನಿ ಅಂದೆ."

"ನೀವೇನಂತೀರಿ?"

"ನೀನು ಹೇಗಂದ್ರೆ ಹಾಗೆ."

ಐದು ಸಲವೂ ಅವನು ಇದನ್ನೇ ಹೇಳಿದ್ದ. ಐದು ಸಲವೂ ಅವಳು ಅದನ್ನು "ಹೋಗೋಣ" ಎಂದೇ ಅರ್ಥ ಮಾಡಿಕೊಂಡಿದ್ದಳು. ಈ ಸಲ ಅವಳು ಕುರ್ಚಿ ಎಳೆದು ಕೂತಳು.

"ನಾನು ಹೇಗಂದ್ರೆ ಹಾಗೆ ಅಲ್ಲ. ನಿಮ್ಮ ಮನಸ್ಸಲ್ಲಿ ಏನಿದೆ ಅದನ್ನ ಹೇಳಿ."

ಅವನು ನಲ್ಲಿ ನಿಲ್ಲಿಸಿದ. ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ಮೂರನೇ ಸಲದ ಮೇಲೆ ನನಗೆ ಸಾಕಾಗಿತ್ತು" ಎಂದ. "ನಿನ್ನ ಹೊಟ್ಟೆ ಮೇಲೆ ಸೂಜಿ ಚುಚ್ಚಿದ ಕಲೆ ನೋಡಿದಾಗಲೆಲ್ಲ ಬೇಡ ಅಂತ ಹೇಳ್ಬೇಕು ಅನ್ನಿಸ್ತಿತ್ತು. ಹೇಳಿದ್ರೆ, ಇವರಿಗೆ ನನ್ನ ಮೇಲೆ ನಂಬಿಕೆ ಹೋಯ್ತು ಅಂದ್ಕೊಳ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

"ನಿಮಗೋಸ್ಕರ ಅಂತ ನಾನು ಹೋಗ್ತಿದ್ದೆ" ಎಂದಳು ಅವಳು. "ಬೇಡ ಅಂದ್ರೆ ನೀವು ಒಳಗೊಳಗೇ ಕೊರಗ್ತೀರಿ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಎರಡಕ್ಕೂ ಮೈಯಲ್ಲಿ ಶಕ್ತಿಯಿರಲಿಲ್ಲ. ಆಮೇಲೆ ಅವಳು ಇನ್ನೂರು ಸಾಲುಗಳ ಕತೆ ಹೇಳಿದಳು. ಅವನಿಗೆ ಮೊದಲ ಸಲಕ್ಕೆ ಅರ್ಥವಾಗಲಿಲ್ಲ, ಅವನೂ ಮೂರು ಎಂದೇ ಹೇಳಿದ. ಅವಳು ಹಳೆಯ ಬಿಲ್ಲೊಂದರ ಹಿಂದೆ ಸಾಲುಗಳನ್ನು ಬರೆದು, ಗೆರೆ ಎಳೆದು ತೋರಿಸಿದಳು. ಅವನು ಆ ಚೀಟಿಯನ್ನು ದೀಪದ ಹತ್ತಿರ ಹಿಡಿದು ನೋಡಿದ.

"ನಾಳೆ ಇಬ್ಬರೂ ರಜೆ ಹಾಕೋಣ" ಎಂದ. "ಹೋಗಿ ಕೇಳೋಣ. ಕೇಳಿದ ಮೇಲೆ ನಿನಗೆ ಹೋಗ್ಬೇಕು ಅನ್ನಿಸಿದ್ರೆ ಇನ್ನೊಂದು ಸಲ ಹೋಗೋಣ. ಬೇಡ ಅನ್ನಿಸಿದ್ರೆ ಬೇಡ. ಈ ಸಲ ಮುಚ್ಚುಮರೆ ಬೇಡ."

ಮಾರನೆಯ ಬೆಳಿಗ್ಗೆ ಕಾಯುವ ಕೋಣೆಯಲ್ಲಿ ಎಂದಿನ ಕುರ್ಚಿ ಖಾಲಿಯಿರಲಿಲ್ಲ. ಅಲ್ಲಿ ಬೇರೊಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಹಳದಿ ಫೈಲು, ಕಣ್ಣು ಬೋರ್ಡಿನ ಮೇಲೆ. ಗಂಡ ಹೆಸರು ಬರೆಸಲು ಹೋದಾಗ ಇವಳು ಪಕ್ಕದಲ್ಲಿ ಕೂತಳು.

"ನಿಮಗೆ ಎಷ್ಟನೇದು?" ಎಂದು ಆ ಹೆಂಗಸು ಮೆಲ್ಲಗೆ ಕೇಳಿದಳು.

"ಐದಾಯ್ತು."

ಆಕೆ ಸರಕ್ಕನೆ ಇವಳತ್ತ ತಿರುಗಿದಳು. "ಐದಾ? ನನ್ನದು ಮೂರು ಮುಗೀತು. ನನ್ನೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ. ಇಲ್ಲಿ ಯಾರನ್ನ ಕೇಳಿದ್ರೂ ಒಂದು, ಎರಡು ಅಂತಾರೆ."

"ಆಗದೆ ಬಿಟ್ಟುಹೋದವರು ಇಲ್ಲಿ ಬಂದು ಕೂರಲ್ಲ. ಅದಕ್ಕೆ ನಮಗೆ ಸಿಗಲ್ಲ."

ಆಕೆ ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಒಳಗಿನಿಂದ ಇವರನ್ನು ಕರೆದರು.

ಡಾಕ್ಟರಮ್ಮನಿಗೂ ರಾತ್ರಿಯ ನಿದ್ದೆ ಸಾಲದಿದ್ದಂತಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆರನೆಯ ಸಲದ ದಿನಾಂಕ ಬರೆಯಲು ಕ್ಯಾಲೆಂಡರ್ ಎಳೆದುಕೊಂಡರು. ಇವಳು ತಡೆದಳು.

"ಡಾಕ್ಟ್ರೇ, ಹೊರಗೆ ಬೋರ್ಡಿದೆಯಲ್ಲ, ಎರಡಕ್ಕಿಂತ ಕಡಿಮೆ ಅಂತ. ಆಗದೆ ಬಿಟ್ಟುಹೋದವರು ಅದರಲ್ಲಿ ಸೇರಿದಾರಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಲ್ಲ."

"ಎಷ್ಟು ಜನ ಬಿಟ್ಟುಹೋಗ್ತಾರೆ?"

"ಮೊದಲನೇ ಸಲ ಆಗದೆ ಇದ್ದವರಲ್ಲಿ ಸುಮಾರು ಜನ ಎರಡನೇ ಸಲಕ್ಕೇ ಬರಲ್ಲ. ಮೂರನೇದಕ್ಕೆ ಇನ್ನೂ ಕಡಿಮೆ. ದಣಿದುಬಿಡ್ತಾರೆ. ಐದನೇದು ಮುಗಿಸಿದವರು ಈ ವರ್ಷ ನಿಮ್ಮನ್ನೂ ಸೇರಿಸಿ ನಾಲ್ಕು ಜನ." ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು: "ಬೋರ್ಡಲ್ಲಿ ಬರೆದಿರೋದು ಸುಳ್ಳಲ್ಲಮ್ಮ. ಆದ್ರೆ ಅದನ್ನ ಓದಿ ನೀವು ಏನಂದ್ಕೊಂಡಿರಿ ಅನ್ನೋದು ನನಗೆ ಈಗ ಗೊತ್ತಾಗ್ತಿದೆ. ಯಾರೂ ಹೀಗೆ ಕೇಳಿರಲಿಲ್ಲ."

"ನನ್ನ ಮೈಯಲ್ಲಿ ಬೇರೆ ತೊಂದರೆ ಏನಾದ್ರೂ ಇದೆಯಾ?"

"ಕಂಡಿಲ್ಲ. ಇದ್ದಿದ್ರೆ ಹೇಳ್ತಿದ್ದೆ. ಮುಂದಿನ ಸಲ ಆಗಬಹುದು, ಆಗದೇನೂ ಇರಬಹುದು. ಆಗದೆ ಇರೋ ಸಾಧ್ಯತೆಯೇ ಹೆಚ್ಚು. ಪ್ರತಿ ಸಲವೂ ಹಾಗೇ ಇತ್ತು. ಅದನ್ನ ಇನ್ನಷ್ಟು ಬಿಡಿಸಿ ಹೇಳಬೇಕಾಗಿತ್ತು ನಾವು."

ಅವಳು ಗಂಡನ ಕಡೆ ನೋಡಿದಳು. ಈ ಸಲ ಅವನು "ನೀನು ಹೇಗಂದ್ರೆ ಹಾಗೆ" ಎನ್ನಲಿಲ್ಲ. "ನನಗೆ ಸಾಕು" ಎಂದ. "ನಿನಗೆ?"

"ನನಗೂ ಸಾಕು" ಎಂದಳು.

ಇಷ್ಟು ಹೇಳಲು ಮೂರು ವರ್ಷ ಹಿಡಿದಿತ್ತು. ಹೇಳಿದ ಮೇಲೆ ದುಃಖವೇನೂ ಕಡಿಮೆಯಾಗಲಿಲ್ಲ. ಎದೆಯ ಮೇಲೆ ಅದು ಇದ್ದಷ್ಟೇ ಭಾರವಾಗಿತ್ತು. ಆದರೆ ಅದರ ಜೊತೆಗೆ ತಾನು ಅಪರಾಧಿ ಎಂಬುದೊಂದು ಹೊರೆ ಬೇರೆ ಇತ್ತಲ್ಲ, ಅದನ್ನು ಹುಡುಕಿದರೆ ಸಿಗಲಿಲ್ಲ. ಡಾಕ್ಟರಮ್ಮ ಚಿಕಿತ್ಸೆ ನಿಲ್ಲಿಸುವ ಕಾಗದವೊಂದಕ್ಕೆ ಇಬ್ಬರ ಸಹಿ ಹಾಕಿಸಿಕೊಂಡರು, ಮನಸ್ಸು ಬದಲಾದರೆ ಬನ್ನಿ ಎಂದರು, ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಆ ವಾರ ನಾದಿನಿ ಫೋನು ಮಾಡಿದಳು. "ಅತ್ತಿಗೆ, ಇಷ್ಟು ದೂರ ಹೋಗಿ ಈಗ ಬಿಡೋದಾ? ನನಗೆ ಒಂದೇ ಸಲಕ್ಕೆ ಆಯ್ತಲ್ಲ, ನಿಮಗೂ ಆಗ್ತಿತ್ತು."

"ನಿನಗೆ ಬೇಗ ಆಯ್ತು, ಒಳ್ಳೇದಾಯ್ತು" ಎಂದಳು ಇವಳು. "ನನಗೆ ಆಗ್ಲಿಲ್ಲ. ನಾನು ಯೋಚನೆ ಮಾಡಿದ್ದಕ್ಕೆ ಆಗ್ಲಿಲ್ಲ ಅಂತ ಮಾತ್ರ ಇನ್ನು ಹೇಳ್ಬೇಡ, ಆಯ್ತಾ?"

"ಹೇಳಲ್ಲ ಅತ್ತಿಗೆ" ಎಂದಳು ನಾದಿನಿ. ಅವಳ ದನಿ ಸಣ್ಣದಾಗಿತ್ತು. "ಭಾನುವಾರ ಮಗೂನ ಕರ್ಕೊಂಡು ಬರ್ಲಾ?"

"ಈ ಭಾನುವಾರ ಬೇಡ. ಮುಂದಿನ ವಾರ ಬಾ."

ಈ ಭಾನುವಾರ ಅವಳಿಗೆ ಮಲಗಬೇಕಿತ್ತು. ಶನಿವಾರ ಕೆಲಸ ಮುಗಿಸಿ ಬಂದು, ಊಟ ಮಾಡಿ, ಅಲಾರಂ ತೆಗೆದುಹಾಕಿ ಮಲಗಿದಳು. ಬೆಳಿಗ್ಗೆ ಸೂಜಿ ಚುಚ್ಚಿಕೊಳ್ಳುವ ಹೊತ್ತಿಗೆ ಅಭ್ಯಾಸಬಲದಿಂದ ಒಮ್ಮೆ ಎಚ್ಚರವಾಯಿತು. ಮಗ್ಗುಲು ಬದಲಿಸಿದಳು. ಮತ್ತೆ ಕಣ್ಣು ಬಿಟ್ಟಾಗ ಹನ್ನೆರಡು ಹೊಡೆದಿತ್ತು. ಅಡುಗೆಮನೆಯಲ್ಲಿ ಗಂಡ ಏನನ್ನೋ ಸೀಯಿಸಿಕೊಂಡು ಕಿಟಕಿ ತೆರೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಹಸಿವಾಗಿತ್ತು.